ಅಪ್ಪನ ಕೆಮ್ಮು ಯಾರ ಪಾಲಿಗೆ

ನೂಲಿನಂತೆ ಸೀರೆ, ಅಪ್ಪನಂತೆ ಕೆಮ್ಮು. (ಗಾದೆ ಹೀಗಿಲ್ಲ, ಗೊತ್ತು. ಗಾದೆಗೂ ನೆಗಡಿಯಾಗಿದೆ ಅಂದುಕೊಳ್ಳಿ.) ಹೇಳುತ್ತಿರುವುದು ಮಾತ್ರ ನಿಜವಾದ ಕಥೆ, ಎಲ್ಲಿಂದ ಶುರು ಮಾಡೋದು ಅನ್ನೋದೇ ತಲೆನೋವು.

೧. ಆಸ್ಪತ್ರೆಯಿಂದ? ಬೇಡ. ಓದುಗರು ಮಾಸ್ಕ್ ಹುಡುಕಿಕೊಂಡು ಎದ್ದುಹೋಗುತ್ತಾರೆ. ಹೊಡೆದು ಹಾಕಿದೆ.

೩. (ಎರಡು ಎಲ್ಲಿ ಅಂತ ಕೇಳಬೇಡಿ. ಅದರಲ್ಲಿ ಅಪ್ಪ ಬದುಕಿದ್ದ. ಅಷ್ಟು ದೊಡ್ಡ ಸುಳ್ಳಿಗೆ ಕೈ ಬರಲಿಲ್ಲ.)

ಒಂದೇ ಮನೆ, ಒಂದೇ ವೈರಸ್. ಅಪ್ಪ ಹೋಗಿಬಿಟ್ಟ. ಅಕ್ಕ ವೆಂಟಿಲೇಟರಿನಿಂದ ಹೇಗೋ ವಾಪಸ್ ಬಂದಳು. ತಮ್ಮ ಎರಡು ಸಲ ಸೀನಿ ಟೀ ಕೇಳಿದ. ಯಾಕೆ ಹೀಗೆ ಅಂತ ಡಾಕ್ಟರು ಅಕ್ಕತಮ್ಮಂದಿರ ರಕ್ತ ಪರೀಕ್ಷೆ ಮಾಡಿಸಿದರು. "ವೈರಸ್ ನುಗ್ಗಿದ ಕೂಡಲೇ ಮೈಯೊಳಗೆ ಎಚ್ಚರಿಕೆಯ ಗಂಟೆ ಹೊಡೀಬೇಕು. ನಿಮ್ಮ ಒಂದು ಜೀನ್ ಸ್ವಲ್ಪ ಬೇರೆ ಥರ ಇದೆಯಮ್ಮ, ಗಂಟೆ ತಡವಾಗಿ ಹೊಡೆಯುತ್ತೆ. ತಂದೆಯಿಂದ ಬಂದಿರಬೇಕು. ತಮ್ಮನಿಗೆ ಬಂದಿಲ್ಲ." ಆಸ್ತಿ ಹಂಚಿಕೆ ಮುಗಿಯಿತು: ಅಕ್ಕನಿಗೆ ಜೀನು, ತಮ್ಮನಿಗೆ ಮೂಗು.

೪. ಅಂದಿನಿಂದ ಅಕ್ಕ ಮಹಡಿ ಕೋಣೆಯಲ್ಲಿ ಒಬ್ಬಳೇ. ಶ್ವಾಸಕೋಶ ಸುಧಾರಿಸುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ; ಇನ್ನೊಬ್ಬರ ಬರೀ ನೆಗಡಿ ಅವಳ ಪ್ರಾಣಕ್ಕೇ ಬಂದೀತು. ತಮ್ಮ ಲಿಫ್ಟುಗಳಿಗೆ ದನಿ ಕೊಡುವವನು. "ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ" ಅನ್ನೋದು ಅವನೇ. ದಿನಾ ಸಂಜೆ ಮುಚ್ಚಿದ ಬಾಗಿಲ ಮುಂದೆ ಕೂತು ನೆಂಟರ ಹಾಗೆ ಕೆಮ್ಮುತ್ತಾನೆ. ಯಾರ ಕೆಮ್ಮು ಅಂತ ಅವಳು ಒಳಗಿಂದ ಹೇಳಬೇಕು.

"ದೊಡ್ಡತ್ತೆ! ಸೊಸೆ ಫೋನಲ್ಲಿ ಮಾತಾಡುವಾಗಿನ ಕೆಮ್ಮು!"

ಅಪ್ಪನ ಕೆಮ್ಮು ಮಾತ್ರ ಅವನು ಯಾವತ್ತೂ ಮಾಡಿಲ್ಲ. ಅವಳೂ ಕೇಳಿಲ್ಲ.

೫. ಇವತ್ತು ಬಾಗಿಲು ತೆಗೀಬಹುದು ಅಂದಿದ್ದಾರೆ ಡಾಕ್ಟರು. ತಮ್ಮ ಓಡೋಡಿ ಮೆಟ್ಟಿಲು ಹತ್ತಿದ. ಗಂಟಲಲ್ಲಿ ಏನೋ ಕೆರೆತ. ಕೆಮ್ಮಿದ.

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ, "ಅಪ್ಪ! ಅಯ್ಯೋ ಕಳ್ಳ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯೋ ಇದನ್ನ? ಇನ್ನೊಂದ್ಸಲ ಮಾಡೋ!"

ಇನ್ನೊಂದು ತಾನಾಗಿಯೇ ಬಂತು. ಅದು ಮಿಮಿಕ್ರಿ ಆಗಿರಲಿಲ್ಲ.

("ನಿಜ ಹೇಳಿಬಿಡೋ," ಅಂದೆ ನಾನು. "ನೀನು ಸುಮ್ನಿರಯ್ಯ," ಅಂದ. "ನಿನಗೆ ಕ್ಲೈಮ್ಯಾಕ್ಸ್ ಬೇಕು, ನನಗೆ ಅಕ್ಕ ಬೇಕು. ಹೆದರಿದರೆ ಅವಳಿಗೆ ಉಸಿರು ಕಟ್ಟುತ್ತೆ.")

ಚಿಲಕ ಅಲುಗಿತು.

ತಮ್ಮ ಮೆಟ್ಟಿಲ ತುದಿಗೆ ಸರಿದು, ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಲಿಫ್ಟಿನ ದನಿ ತೆಗೆದ: "ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ. ಈ ಬಾಗಿಲು ಇನ್ನೊಂದು ದಿನ ತೆರೆಯುತ್ತದೆ."

ಮುಕ್ತಾಯ ಅ: ತೆರೆಯಿತು. ಮುಕ್ತಾಯ ಆ: ತೆರೆಯಲಿಲ್ಲ. ಮುಕ್ತಾಯ ಇ: ಅವಳಿಗೆ ಎಲ್ಲ ಗೊತ್ತಾಗಿತ್ತು. ಯಾವುದಕ್ಕೂ ನಾನು ಜಾಮೀನು ನಿಲ್ಲಲಾರೆ. ನನಗೆ ಗೊತ್ತಿರೋದು ಇಷ್ಟೇ: ಅವನು ಕೆಮ್ಮು ನುಂಗಿಕೊಂಡು ಸದ್ದಾಗದಂತೆ ಕೆಳಗಿಳಿಯುತ್ತಿದ್ದ, ಮೇಲೆ, ಚಿಲಕದ ಮೇಲಿನ ಕೈ ತೆಗೆಯದೆ, ಅಕ್ಕ ನಗುತ್ತಿದ್ದಳು, ಅಪ್ಪ ಹೋದಮೇಲೆ ಮೊದಲ ಸಲ, ಇಡೀ ಮನೆಗೆ ಕೇಳುವಷ್ಟು ಜೋರಾಗಿ.