ಪಚ್ಚೆಯೊಳಗಿನ ಬಿರುಕು

“ಕೈ ನಡುಗೋದಾದ್ರೆ ಹೋಗಿ ಮಾಂಸ ಕಡಿಯಪ್ಪಾ. ಕಟುಕರನ್ನ ಈ ಸೇತುವೆಯಿಂದ ಓಡ್ಸಿ ನಾನೂರು ವರ್ಷ ಆಯ್ತು, ನೀನೊಬ್ಬ ಹೆಂಗೆ ಉಳ್ಕೊಂಡೆ?”

ಅಂಗಡಿಯ ಯಜಮಾನ ಸಾಸ್ಸೆಟ್ಟಿ ಇದನ್ನು ಗಿರಾಕಿಗಳ ಎದುರೇ ಹೇಳಿದ. ಒಳಗಿದ್ದ ಅಕ್ಕಸಾಲಿಗರಿಬ್ಬರು ಕಿಸಕ್ಕೆಂದರು. ಕಟುಕರನ್ನು ಓಡಿಸಿ ಅಕ್ಕಸಾಲಿಗರಿಗೆ ಬಿಟ್ಟ ಪೊಂತೆ ವೆಕ್ಯೋ ಸೇತುವೆಯ ಮೇಲೆ ಚಿನ್ನದ ಕೆಲಸದವನಿಗೆ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ.

ಬೈಸಿಕೊಂಡ ಹುಡುಗ ನೆರಿಯ ಕೈ ನಡುಗಿರಲಿಲ್ಲ. ಭೂತಗನ್ನಡಿಯಲ್ಲಿ ಉಂಗುರದ ಪಚ್ಚೆ ನೋಡಿ ಕೈ ತಡೆದಿದ್ದ, ಅಷ್ಟೆ. ಮೂಲೆಯಿಂದ ಹರಳಿನೊಳಕ್ಕೆ ಕೂದಲಿನಂಥ ಬಿರುಕು ಇಳಿದಿತ್ತು. ಇಂಥದ್ದನ್ನು ಕೂರಿಸುವ ಮುನ್ನ ಉಂಗುರದ ಒಡತಿಗೆ ತೋರಿಸಿ, ‘ಒಡೆದರೂ ಒಡೆದೀತು, ಕೂರಿಸಲೇ?’ ಎಂದು ಬಾಯಿಬಿಟ್ಟು ಕೇಳಬೇಕು. ಅದು ಕಸುಬಿನ ಮರ್ಯಾದೆ. ಕೇಳಿದರೆ ಆಕೆ ಎದ್ದು ಎದುರಂಗಡಿಗೆ ಹೋದಾಳೆಂದು ಸಾಸ್ಸೆಟ್ಟಿಗೆ ಅಳುಕು.

ನೆರಿ ಇವತ್ತು ನದಿಯ ಆಚೆ ದಂಡೆಯಿಂದ ಕೆಲಸದ ಪರೀಕ್ಷೆಗೆ ಬಂದವನು. ಹರಳು ಕೂತರೆ ಸೋಮವಾರದಿಂದ ಹಿಂಬದಿ ಕಿಟಕಿಯ ಮೇಜು ಅವನದು. ಅವನಪ್ಪ ಇದೇ ಸೇತುವೆಯ ಅಂಗಡಿಗಳ ಬಾಗಿಲಲ್ಲಿ ಕೆಲಸ ಕೇಳಿ ಟೊಪ್ಪಿ ಹಿಡಿದು ನಿಂತೇ ಸತ್ತ. ಕೂರಲು ಯಾರೂ ಒಂದು ಸ್ಟೂಲು ಕೊಡಲಿಲ್ಲ.

ನೆರಿ ಆ ಪ್ರಶ್ನೆಯನ್ನು ನುಂಗಿದ. ಉಂಗುರವನ್ನು ಮರದ ಹಿಡಿಕೆಗೆ ಬಿಗಿದು, ಹರಳನ್ನು ಹಿಡಿದಿಡುವ ನಾಲ್ಕು ಚಿನ್ನದ ಉಗುರುಗಳಲ್ಲಿ ಮೊದಲನೆಯದನ್ನು ಉಳಿಯಿಂದ ಅದರ ಮೇಲೆ ಬಾಗಿಸಿದ.

ಗಾಜಿನಾಚೆ ಪ್ರವಾಸಿಗಳು ಮೂಗು ಒತ್ತಿ ನಿಂತಿದ್ದರು. ಒಳಗೆ ಕೂತಿದ್ದ ಒಡತಿ ಎರ್ಸಿಲಿಯಾ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡಿದ್ದಳು.

“ನಮ್ಮಮ್ಮಂದು. ನಾಳೆ ಮಗಳ ಮದುವೆಗೆ ಹಾಕ್ಬೇಕು.”

“ಹಾಕಿ ಸಿನ್ಯೋರಾ, ಕುಣೀರಿ ಬೇಕಾದ್ರೆ,” ಎಂದ ಸಾಸ್ಸೆಟ್ಟಿ.

ಎರಡನೆಯದು ಬಾಗಿತು. ಮೂರನೆಯದೂ. ನಾಲ್ಕನೆಯ ಉಗುರು ಬಿರುಕಿನ ಬಾಯಿಯ ಮೇಲೇ. ನೆರಿ ಒತ್ತಿದ, ಚಿನ್ನ ಬಗ್ಗಲಿಲ್ಲ. ಇನ್ನಷ್ಟು ಒತ್ತಿದ. ಟಕ್ ಎಂದಿತು. ಭೂತಗನ್ನಡಿ ಎತ್ತಲು ಧೈರ್ಯ ಸಾಲಲಿಲ್ಲ. ಎತ್ತಿದ. ಉಳಿ ಜಾರಿ ಮರದ ಹಿಡಿಕೆಗೆ ಬಡಿದಿತ್ತು. ಹರಳು ಹಾಗೇ ಇತ್ತು. ಉಸಿರು ಬಿಗಿಹಿಡಿದು ಮತ್ತೆ ಒತ್ತಿದ. ಕೂತಿತು.

ಸಾಸ್ಸೆಟ್ಟಿ ಉಂಗುರ ಒರೆಸಿ ಅವಳ ಅಂಗೈಗಿಟ್ಟ. ಅವಳು ಅದಕ್ಕೆ ಮುತ್ತಿಟ್ಟು, ನೆರಿಯ ಕಡೆ ತಿರುಗಿದಳು.

“ಬೆವರು ನೋಡು ಮಗಾ ನಿಂದು. ಹರಳಿಗೇನೂ ಭಯ ಇರ್ಲಿಲ್ಲ ತಾನೆ?”

“ಏನ್ ಭಯ? ನಮ್ಮ ಹುಡುಗ ಇವ್ನು, ಸೋಮವಾರದಿಂದ ಆ ಮೇಜು ಇವ್ನದೇ,” ಸಾಸ್ಸೆಟ್ಟಿ ನೆರಿಯ ಹೆಗಲು ತಟ್ಟಿದ.

ನೆರಿ ಕಿಟಕಿ ಪಕ್ಕದ ಮೇಜನ್ನು ನೋಡಿದ. ಆಮೇಲೆ ಅವಳನ್ನು.

“ಇತ್ತು ಸಿನ್ಯೋರಾ. ಒಳಗೆ ಬಿರುಕಿದೆ, ಈಗ್ಲೂ ಇದೆ. ಒತ್ತೋಕೆ ಮೊದ್ಲೇ ನಿಮ್ಮನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ. ಎಲ್ಲಾದ್ರೂ ತಾಗಿದ್ರೆ ಎರಡು ಹೋಳಾಗುತ್ತೆ. ಮದುವೆ ಮುಗಿದ ಕೂಡ್ಲೇ ತೆಗೆದಿಟ್ಬಿಡಿ.”

ಅವಳ ಬೆರಳುಗಳು ಉಂಗುರದ ಸುತ್ತ ಮಡಿಚಿಕೊಂಡವು. ಅಕ್ಕಸಾಲಿಗರು ತಲೆ ಎತ್ತಲಿಲ್ಲ. ಸಾಸ್ಸೆಟ್ಟಿಯ ನಗು ಮಾತ್ರ ಮುಖದ ಮೇಲೇ ಉಳಿದಿತ್ತು, ತೆಗೆಯಲು ಮರೆತವನ ಹಾಗೆ.

“ಹಂಗಾದ್ರೆ ಸೋಮವಾರ ಆ ಮೇಜಿನ ಮುಂದೆ ಯಾರನ್ನ ಕೂರಿಸ್ಲಿ, ಹೇಳಪ್ಪಾ ಧರ್ಮರಾಯ?”

ನೆರಿ ತನ್ನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು, ಬಾಗಿಲಲ್ಲಿ ನಿಂತ ಜನರನ್ನು ಮೊಣಕೈಯಿಂದ ಸರಿಸುತ್ತ ಸೇತುವೆಗೆ ಇಳಿದು ನಡೆದ.