ಕೊರೆತ: ಸೊನ್ನೆ

ಸಮುದ್ರದ ದಂಡೆ ಅಳೆಯುವುದು ನನ್ನ ಕೆಲಸ. ಹೇಳಿದರೆ ಜನ ನಗುತ್ತಾರೆ, ನಗಲಿ. ನೀರು ಪೂರ್ತಿ ಇಳಿದಿರುವ ಹೊತ್ತು ನೋಡಿಕೊಂಡು ಹೋಗಿ, ರಸ್ತೆಯಂಚಿನಿಂದ, ತಡೆಗೋಡೆ ಇದ್ದಲ್ಲಿ ಅದರ ಬುಡದಿಂದ, ನೀರಿನ ಅಂಚಿನವರೆಗೆ ಟೇಪು ಹಿಡಿದು, ಮರಳು ಎಷ್ಟು ಮೀಟರ್ ಇದೆ ಎಂದು ಫಾರಂನಲ್ಲಿ ಬರೆಯಬೇಕು. ಕೊನೆಯ ಕಾಲಂ 'ಕೊರೆತ'. ಹೋದ ವರ್ಷದ ಅಳತೆಯಲ್ಲಿ ಈ ವರ್ಷದ್ದನ್ನು ಕಳೆದು ಅಲ್ಲಿ ತುಂಬಬೇಕು. ಹತ್ತೊಂಬತ್ತು ವರ್ಷದಲ್ಲಿ ಒಂದು ದಶಾಂಶ ತಪ್ಪಿದವನಲ್ಲ ನಾನು.

ದಕ್ಷಿಣದ ದಂಡೆಗೆ ಗೋಡೆ ಬಂದದ್ದು ರಸ್ತೆ ಉಳಿಸಲು. ಲಾರಿಗಟ್ಟಲೆ ಕಲ್ಲು ತಂದು ಸುರಿದರು. ಮೊದಲೆಲ್ಲ ಅಲೆ ಮರಳಿನ ಮೇಲೆ ಹರಡಿ, ಸುಸ್ತಾಗಿ ಹಿಂದಿರುಗುತ್ತಿತ್ತು. ಈಗ ಕಲ್ಲಿಗೆ ಬಡಿದು, ವಾಪಸು ಹೋಗುವಾಗ ಬುಡದ ಮರಳನ್ನೇ ಎಳೆದುಕೊಂಡು ಹೋಗತೊಡಗಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ನಲವತ್ತು ಮೀಟರ್ ಇದ್ದದ್ದು ಒಂದೇ ವರ್ಷದಲ್ಲಿ ಹನ್ನೆರಡಕ್ಕೆ ಇಳಿಯಿತು, ಆಮೇಲೆ ಸೊನ್ನೆ. ಮರುವರ್ಷವೂ ಸೊನ್ನೆ. ಸೊನ್ನೆಯಲ್ಲಿ ಸೊನ್ನೆ ಕಳೆದರೆ ಇನ್ನೇನು ಬರುತ್ತದೆ? 'ಕೊರೆತ: ಸೊನ್ನೆ' ಎಂದು ಬರೆದು ಸಹಿ ಹಾಕಿದೆ.

ಆ ಸೊನ್ನೆ ಕಂಡು ನಮ್ಮ ಸಾಹೇಬರಿಗಾದ ಆನಂದವನ್ನು ಏನೆಂದು ಹೇಳಲಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವರು. "ನೋಡ್ರೀ, ಗೋಡೆ ಕಟ್ಟಿದ್ಮೇಲೆ ಕೊರೆತ ಪೂರ್ತಿ ನಿಂತೇಹೋಯ್ತು" ಎಂದು ಆ ಹಾಳೆಗೆ ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದರು. ಅದನ್ನೇ ತೋರಿಸಿ ಉತ್ತರದ ದಂಡೆಗೂ ಗೋಡೆ ಬೇಕೆಂದು ಬರೆದರು. ನಾನು ತುಟಿ ಬಿಚ್ಚಲಿಲ್ಲ. ಅಳತೆ ಸರಿ ಇತ್ತಲ್ಲ, ನನ್ನ ಗಂಟೇನು ಹೋಗುತ್ತಿತ್ತು?

ಹೋಗುವುದಿದ್ದದ್ದು ನನ್ನ ಅಕ್ಕನ ಗಂಟು. ಉತ್ತರದ ದಂಡೆಯಲ್ಲಿ ಅವಳು ಸರ್ಫಿಂಗ್ ಕಲಿಸುತ್ತಾಳೆ. ಅಲ್ಲಿ ನೀರೊಳಗೊಂದು ಮರಳಿನ ದಿಬ್ಬವಿದೆ. ಅದನ್ನು ಏರಿದ ಅಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಮುರಿಯುತ್ತ ಬರುತ್ತದೆ. ಹಲಗೆ ಮೇಲೆ ನಿಲ್ಲಲು ಅಂಥ ಅಲೆ ಈ ತೀರದಲ್ಲಿ ಅದೊಂದೇ. ರಿಟೈರಾದ ನರ್ಸು, ಬಸ್ಸು ಓಡಿಸುವವಳು, ಯಾರು ಬಂದರೂ ಕಲಿಸುತ್ತಾಳೆ. ದಂಡೆ ಎಲ್ಲರದ್ದು, ಟಿಕೆಟ್ಟಿಲ್ಲ. ಕಲ್ಲು ಬಿದ್ದರೆ ದಿಬ್ಬ ಹೋಗುತ್ತದೆ, ಅಲೆ ಹೋಗುತ್ತದೆ, ಅಕ್ಕ ಮನೆಯಲ್ಲಿ ಕೂರಬೇಕಾಗುತ್ತದೆ.

ಆಕ್ಷೇಪಣೆ ಕೇಳುವ ಸಭೆಗೆ ಸಾಹೇಬರು ಚೌಕಟ್ಟನ್ನೇ ಹೊತ್ತು ತಂದರು. ಅಕ್ಕ ಒದ್ದೆ ಕೂದಲಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತಳು. ಸಾಹೇಬರು ಸೊನ್ನೆಯನ್ನು ಎರಡೆರಡು ಸಲ ಓದಿ ಮುಗಿಸಿದ ಮೇಲೆ ಎದ್ದಳು.

"ಅಳೆದೋನು ಅಲ್ಲೇ ಕೂತಿದಾನಲ್ಲ, ಅವನನ್ನೇ ಕೇಳೋಣ. ಲೋ, ದಕ್ಷಿಣದಲ್ಲಿ ಮರಳೇ ಇಲ್ವಲ್ಲೋ. ಏನನ್ನ ಅಳೆದೆ?"

ಎದ್ದು ನಿಂತೆ. "ಕಲ್ಲಿನ ಮೇಲೆ ನಿಂತು ಸೊನ್ನೆ ಅಂತ ಬರೆದೆ ಅಕ್ಕ. ಕೊರೆಯೋಕೆ ಏನೂ ಉಳಿದಿರ್ಲಿಲ್ಲ."

ಸಭೆಯೆಲ್ಲ ನಕ್ಕಿತು. ಸಾಹೇಬರ ಮುಖ ಕೆಂಪಾಯಿತು. "ಅದು ಹೇಗ್ರೀ ಇಲ್ದೇ ಇರುತ್ತೆ? ನಡೀರಿ, ಎಲ್ಲರ ಎದುರಿಗೇ ಅಳೆಯೋಣ."

ನಡೆದೆವು. ಟೇಪಿನ ತುದಿ ಹಿಡಿದು ಸಾಹೇಬರೇ ಪಾಲಿಶ್ ಮಾಡಿದ ಬೂಟಿನಲ್ಲಿ ಕಲ್ಲಿಳಿದರು. ಮರಳು ಹುಡುಕುತ್ತ ಒಂದು ಕಾಲಿಟ್ಟರೆ ಮೊಣಕಾಲಿನವರೆಗೆ ನೀರು, ಇನ್ನೊಂದು ಇಟ್ಟರೆ ಸೊಂಟದವರೆಗೆ. ಒಂದು ಅಲೆ ಬಂದು ಕನ್ನಡಕವನ್ನೂ ಒಯ್ದಿತು.

"ಈಗ ನೀರು ಏರಿದೆ ಕಣ್ರೀ," ಎಂದರು ಕಲ್ಲು ತಬ್ಬಿಕೊಂಡು. "ಇಳಿದಾಗ ಬಂದು ನೋಡೋಣ."

"ಇಳಿದಿರೋದೇ ಇಷ್ಟು ಸಾರ್," ಎಂದಳು ಅಕ್ಕ. "ಸಂಜೆಗೆ ಅಲ್ಲಿ ನಿಂತ್ರೆ ನಿಮ್ಮ ತಲೆ ಕಾಣಲ್ಲ."

ಮರುದಿನವೇ ಆದೇಶ ಬಂತು. 'ಅಳತೆಗಾರನ ಲೋಪದಿಂದ ವರದಿ ನಂಬಲರ್ಹವಾಗಿಲ್ಲ. ಉತ್ತರದ ಗೋಡೆಯನ್ನು ಕೈಬಿಡಲಾಗಿದೆ. ಅಳತೆಗಾರನನ್ನು ಆರು ತಿಂಗಳು ಅಮಾನತು ಮಾಡಲಾಗಿದೆ.' ಲೋಪ ಕಲ್ಲಿನದಲ್ಲ, ಸಾಹೇಬರದಂತೂ ಅಲ್ಲವೇ ಅಲ್ಲ. ಸರಿಯಾಗಿ ಅಳೆದು ಒಂದು ದಂಡೆ ಕಳೆದ ನಾನು, ತಪ್ಪಿತಸ್ಥನಾಗಿ ಇನ್ನೊಂದನ್ನು ಉಳಿಸಿದ್ದೆ. ಬೇಜಾರೇನೂ ಆಗಲಿಲ್ಲ, ಜಂಬವೇ ಬಂತು. ಆದೇಶ ಹಿಡಿದು ಅಕ್ಕನ ಹತ್ತಿರ ಓಡಿದೆ.

ಅವಳು ಕಾಲು ಜಾರದಿರಲೆಂದು ಹಲಗೆಗೆ ಮೇಣ ತಿಕ್ಕುತ್ತಿದ್ದಳು. ಓದಿ, ಮಡಚಿ, ವಾಪಸು ಕೊಟ್ಟಳು.

"ಇದು ಉಳೀತು. ಸಂತೋಷ ಕಣೋ," ಎಂದಳು. "ಆದ್ರೆ ಅಪ್ಪ ನಮ್ಮಿಬ್ಬರಿಗೂ ಈಜು ಕಲಿಸಿದ್ದು ದಕ್ಷಿಣದಲ್ಲಿ. ಅದು ಕಣ್ಣೆದುರೇ ಹೋಗ್ತಿದ್ದಾಗ್ಲೂ ನಿಂಗೆ ಬಾಯಿ ಇತ್ತಲ್ವಾ? ಅವತ್ತು ಯಾಕೆ ಎದ್ದು ನಿಲ್ಲಲಿಲ್ಲ?"

"ಬರೆದಿದ್ದೆ ಅಕ್ಕ," ಎಂದೆ. "ಕೊರೆತ ಇಪ್ಪತ್ತೆಂಟು ಅಂತ. ಸರಿಯಾಗೇ ಬರೆದಿದ್ದೆ."

ಅವಳು ಹಲಗೆ ಎತ್ತಿಕೊಂಡು ನೀರಿಗಿಳಿದಳು. ಆ ದಿನ ನನ್ನನ್ನು ಎಂದಿನಂತೆ ಊಟಕ್ಕೆ ಕರೆಯಲಿಲ್ಲ.