ಶ್ರೀಕಂಠನ ಕಣ್ಣು

"ಬೇಡ, ಕನ್ನಡಕ ತೆಗಿ," ಎಂದಳು ಭಾನುಮತಿ.

ರೋಹಿತನ ಕೈ ಅಪ್ಪನ ಮುಖದ ಮೇಲೆಯೇ ನಿಂತುಬಿಟ್ಟಿತು. ದಪ್ಪ ಗಾಜಿನ ಕನ್ನಡಕದ ಒಂದು ಕಡ್ಡಿಯನ್ನು ಆಗಲೇ ಕಿವಿಯ ಹಿಂದೆ ಸೇರಿಸಿದ್ದ.

"ಅಮ್ಮಾ, ವಿದೌಟ್ ಗ್ಲಾಸಸ್ ಅಪ್ಪನ ಥರಾನೇ ಕಾಣಲ್ಲ."

"ಇರ್ಲಿ ಬಿಡು. ಅದರಿಂದ ಅವರಿಗೇನೂ ಉಪಯೋಗ ಇಲ್ಲ."

ಸತ್ತವರಿಗೆ ಕನ್ನಡಕ ಯಾಕೆ ಎಂಬರ್ಥದಲ್ಲಿ ಅಮ್ಮ ಹೇಳಿದಳೆಂದುಕೊಂಡು ಮಗ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಭಾನುಮತಿ ಗಂಡನ ಶಲ್ಯದ ಅಂಚನ್ನು ಎರಡೂ ಕಡೆ ಸಮವಾಗಿ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಎಡಭಾಗ ಇನ್ನೂ ಕೊಂಚ ಮೇಲಿದೆ ಅನ್ನಿಸಿ ಮತ್ತೆ ಸರಿಮಾಡಿದಳು. ಅತ್ತು ಮುಗಿಸಿದ್ದಳು. ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತ ವಾರವೆಲ್ಲ ಅತ್ತಿದ್ದಳು. ಇವತ್ತು ಕೆಲಸವಿತ್ತು.

ಫ್ಯೂನರಲ್ ಹೋಮ್‌ನ ಸಭಾಂಗಣ ತುಂಬಿತ್ತು. ರಿಚ್ಮಂಡ್ ಹಿಲ್ಲಿನ ದೇವಸ್ಥಾನದಿಂದ ಬಂದ ಪುರೋಹಿತರು ದರ್ಭೆ, ಎಳ್ಳು ಜೋಡಿಸುತ್ತಿದ್ದರು. ಮಿಸಿಸಾಗಾದಿಂದ ಬಂದಿದ್ದ ನಾದಿನಿ ಲೀಲಮ್ಮ ಮುಂದಿನ ಸಾಲಿನಲ್ಲಿ ಕೂತು, ಅಣ್ಣನನ್ನು ನೋಡುವುದು, ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು, ಯಾರು ಯಾವ ಬಣ್ಣದ ಬಟ್ಟೆ ಹಾಕಿಕೊಂಡು ಬಂದಿದ್ದಾರೆಂದು ಗಮನಿಸುವುದು, ಮೂರನ್ನೂ ಒಟ್ಟಿಗೆ ನಡೆಸಿದ್ದಳು.

ಮಾತಾಡಲು ಮೊದಲು ಎದ್ದವನು ಮುರಿಗೆಪ್ಪ. ಧಾರವಾಡದವನು; ಬರ್ಲಿಂಗ್ಟನ್ನಿನಲ್ಲಿ ಪಂಪುಗಳ ವಿನ್ಯಾಸ ಮಾಡುವ ಆಫೀಸಿನಲ್ಲಿ ಶ್ರೀಕಂಠನ ಜೊತೆ ನಿವೃತ್ತಿಯವರೆಗೂ ಕೆಲಸ ಮಾಡಿದವನು.

"ನಮ್ಮ ಶ್ರೀಕಂಠಂದು ಕಣ್ಣು ನೋಡ್ರಿ," ಎಂದು ಅವನು ಶುರುಮಾಡಿದ. "ಮಂದಿ ಎಲ್ಲಾ ನೋಡಿ ಕಸಾ ಅಂತ ಬಿಟ್ಟ ಫೋಟೋದಾಗ ಅಂವಾ ಬಂಗಾರ ಹೆಕ್ಕತಿದ್ದ. ನಾನೂ ಬೇಸ್‌ಬಾಲ್ ಕಾರ್ಡ್ ಕೊಳ್ಳಾಂವನ. ಹರಾಜಿನಾಗ ಪ್ರತೀ ಸಲ ಅಂವಾ ಮುಂದ, ನಾ ಹಿಂದ. ಕಡೀ ಕಡೀ ವರ್ಷದಾಗಂತೂ ಆ ಕಣ್ಣು ಇನ್ನೂ ಚೂಪ್ ಆಗಿತ್ತು."

ಸಭೆಯಲ್ಲಿ ಮೆಲುನಗೆ ಹರಡಿತು. ಭಾನುಮತಿಯೂ ನಕ್ಕಳು. ಅವಳು ಯಾಕೆ ನಕ್ಕಳೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

*

ಶ್ರೀಕಂಠನಿಗೆ ಬೇಸ್‌ಬಾಲ್ ಹಿಡಿಸಿದ್ದು ಆಫೀಸಿನ ಊಟದ ಕೋಣೆಯಲ್ಲಿ. ಮೈಸೂರಿನಿಂದ ಈ ದೇಶಕ್ಕೆ ಬಂದ ಹೊಸದರಲ್ಲಿ, ಆಫೀಸಿನವರೆಲ್ಲ ಹಿಂದಿನ ದಿನದ ಆಟದ ಮಾತಾಡುವಾಗ ಅವನು ಡಬ್ಬಿಯ ಮೊಸರನ್ನ ನೋಡುತ್ತ ಕೂತಿರುತ್ತಿದ್ದ. ಒಂದು ದಿನ ಯಾರೋ ಮೇಜಿನ ಮೇಲೆ ಬಿಟ್ಟುಹೋದ ಕಾರ್ಡೊಂದನ್ನು ಮನೆಗೆ ತಂದ. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಪೂರ್ತಿ ಜಾತಕ. ಒಂದಕ್ಕೆ ಇನ್ನೊಂದು ಸೇರಿತು. ವರ್ಷದೊಳಗೆ ಊಟದ ಕೋಣೆಯಲ್ಲಿ ಏನಾದರೂ ತಕರಾರು ಬಂದರೆ ಜನ ಅವನ ಕಡೆ ತಿರುಗುವಂತಾಯಿತು.

ಅವನಿಗೆ ಬೇಕಾದದ್ದು ಹಳೆಯ ರೂಕಿ ಕಾರ್ಡುಗಳು. ಅಂದರೆ ಆಟಗಾರ ದೊಡ್ಡ ತಂಡಕ್ಕೆ ಕಾಲಿಟ್ಟ ಮೊದಲ ವರ್ಷದಲ್ಲಿ ಅಚ್ಚಾದವು. ಪರಿಣತರಿಗೆ ಕಳಿಸಿ, ದರ್ಜೆ ಹಾಕಿಸಿ, ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿದ ಕಾರ್ಡುಗಳ ಗೊಡವೆಗೆ ಅವನು ಹೋಗಲಿಲ್ಲ. "ಯಾರೋ ನೋಡಿ ಮುಗಿಸಿದ್ದನ್ನ ನಾನ್ಯಾಕೆ ನೋಡ್ಲಿ?" ಅನ್ನುತ್ತಿದ್ದ. ಅಟ್ಟ, ಗ್ಯಾರೇಜು ಖಾಲಿ ಮಾಡುವವರು ದರ್ಜೆ ಗಿರ್ಜೆ ಏನೂ ಇಲ್ಲದೆ ರಾಶಿಗಟ್ಟಲೆ ಆನ್‌ಲೈನಿನಲ್ಲಿ ಹರಾಜಿಗಿಡುತ್ತಾರಲ್ಲ, ಅಂಥ ಲಾಟುಗಳೇ ಅವನಿಗೆ ಬೇಕು. ಮಸುಕು ಫೋಟೋ ನೋಡಿ ರಾಶಿಯೊಳಗೆ ಏನಿದೆಯೆಂದು ಊಹಿಸಬೇಕು. ಪೆಟ್ಟಿಗೆ ಬಂದ ದಿನ ಊಟದ ಮೇಜಿನ ಮೇಲೆ ಹರವುತ್ತಿದ್ದ. ಅವತ್ತು ಸಂಸಾರವೆಲ್ಲ ಸೋಫಾದ ಮೇಲೆ ತಟ್ಟೆ ಹಿಡಿದು ಉಣ್ಣಬೇಕು.

ನಿವೃತ್ತಿಯ ನಂತರ ಒಂದು ಚಳಿಗಾಲ ಅವನು ಕೊಂಡ ಪೆಟ್ಟಿಗೆಯನ್ನು ಭಾನುಮತಿ ಬಿಚ್ಚಿದಳು. ಮೇಲಿನ ಕಾರ್ಡು ಎತ್ತಿಕೊಂಡವಳೇ, "ಇದು ಮರುಮುದ್ರಣ ರೀ," ಎಂದಳು. ಮೈಸೂರಿನಲ್ಲಿ ಅವಳ ತಂದೆಗೆ ಪ್ರೆಸ್ಸಿತ್ತು. ಮದುವೆವರೆಗೂ ಅಲ್ಲಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂತಿದೆಯೇ, ಕಾಗದ ನೇರ ಕತ್ತರಿಸಿದೆಯೇ ಎಂದು ನೋಡುವ ಕೆಲಸ ಅವಳದೇ ಆಗಿತ್ತು.

"ಎಲ್ಲಿ?" ಎಂದ ಶ್ರೀಕಂಠ.

ಕಾರ್ಡು ಅವನ ಕೈಗಿಟ್ಟಳು. ಅವನು ಅದನ್ನು ಮುಖದ ಪಕ್ಕಕ್ಕೆ ಹಿಡಿದು, ಹಕ್ಕಿಯ ಹಾಗೆ ತಲೆ ಓರೆ ಮಾಡಿದ.

"ಯಾಕೆ ಹಾಗೆ ನೋಡ್ತೀರಿ?"

ಅವನು ಕಾರ್ಡನ್ನು ಮೇಜಿನ ಮೇಲಿಟ್ಟ. ಆಮೇಲೆ, "ಮಧ್ಯೆ ಒಂದು ಬೂದು ಕಲೆ ಕೂತಿದೆ ಭಾನು," ಎಂದ. "ಪಕ್ಕದ್ದೆಲ್ಲ ಕಾಣತ್ತೆ. ನೇರ ನೋಡಿದ್ದು ಮಾತ್ರ ಕಾಣಲ್ಲ. ಡಾಕ್ಟ್ರು ಹೋದ ದೃಷ್ಟಿ ವಾಪಸ್ ಬರಲ್ಲ ಅಂದ್ರು. ಮೊಣಕಾಲು ನೋವು ಅಂತ ಕಾರು ಓಡಿಸೋದು ಬಿಟ್ನಲ್ಲ, ಅದು ಇದಕ್ಕೇ. ಯಾರಿಗೂ ಹೇಳಬೇಡ. ರೋಹಿತ್‌ಗಂತೂ ಬೇಡ. ಕೆಲಸ ಬಿಟ್ಟು ಕ್ಯಾಲ್ಗರಿಯಿಂದ ಓಡಿ ಬರ್ತಾನೆ."

ಅವಳು ಬಯ್ದಳು, ಅತ್ತಳು, ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಲ್ಯಾಪ್‌ಟಾಪಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ಎಲ್ಲಿ, ಯಾವ ಲಾಟು ಹೇಳಿ," ಎಂದಳು. ಅವತ್ತಿನಿಂದ ನೋಡುವುದು ಅವಳು, ಹೆಸರು ಕೇಳಿ ಆಟಗಾರನ ಕತೆ ಹೇಳುವುದು ಅವನು. ಬೆಲೆ ಕೂಗುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವುದೂ ಅವಳೇ. ಅವನಿಗೆ ನಿಲ್ಲಿಸುವುದು ಹುಟ್ಟಿದಾಗಿನಿಂದ ಗೊತ್ತಿರಲಿಲ್ಲ.

*

ಕ್ರಿಮೆಟೋರಿಯಮ್ಮಿನಲ್ಲಿ ರೋಹಿತ ಕುಲುಮೆಯ ಗುಂಡಿ ಒತ್ತಿದ. ಭಾನುಮತಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಬಾಗಿಲು ಇಳಿಯಿತು.

ಹೊರಗೆ ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಕೊನೆಯ ಹಿಮ ಕಪ್ಪಾಗಿ ಕರಗುತ್ತಿತ್ತು. ಮುರಿಗೆಪ್ಪ ಕಾರಿನವರೆಗೂ ಬಂದ.

"ವೈನಿ, ಇದು ಮಾತಾಡೋ ಹೊತ್ತಲ್ಲ. ಆದ್ರೂ ಹೇಳ್ತೀನಿ. ಆ ದೊಡ್ಡ ರೂಕಿ ಲಾಟಿನ ಹರಾಜು ಇವತ್ತ ಸಂಜೀಗೆ ಮುಗೀತದ. ಆಸ್ಪತ್ರ್ಯಾಗ ಮಲಕೊಂಡೂ ಅಂವಾ ಅದರದೇ ಮಾತಾಡ್ತಿದ್ದ. ನಾ ಕೈ ಹಾಕೂದಿಲ್ಲ. ರೋಹಿತ್ ತಗೊಳ್ಳಿ."

"ಅವರಿದ್ದಾಗ ನೀವು ಯಾವತ್ತಾದ್ರೂ ಅವರಿಗೆ ಬಿಟ್ಟುಕೊಟ್ಟಿದ್ದೀರಾ ಮುರಿಗೆಪ್ಪ?"

"ಅದೆಂಗ ಆಗ್ತದ್ರಿ? ಆಟ ಅಂದ್ರ ಆಟ."

"ಹಾಗಾದ್ರೆ ನನಗೂ ಬಿಟ್ಟುಕೊಡಬೇಡಿ."

ಮುರಿಗೆಪ್ಪ ಅವಳ ಮುಖವನ್ನೇ ನೋಡಿದ. "ನಿಮಗಾ?" ಎನ್ನುವಷ್ಟರಲ್ಲಿ ಅವಳು ಕಾರು ಹತ್ತಿ ಬಾಗಿಲು ಹಾಕಿಕೊಂಡಾಗಿತ್ತು.

ಮನೆಗೆ ಬಂದು ಎಲ್ಲರೂ ಸ್ನಾನ ಮಾಡಿದರು. ಲೀಲಮ್ಮನ ಮಗಳ ಮನೆಯಿಂದ ಅನ್ನ, ಮೆಣಸಿನ ಸಾರು ಬಂದಿತ್ತು. ಭಾನುಮತಿ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬರುವಾಗ ರೋಹಿತ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದ.

"ಅಮ್ಮಾ, ಮುರಿಗೆಪ್ಪ ಅಂಕಲ್ ಹೇಳಿದ್ರು. ದಿಸ್ ಒನ್, ಅಲ್ವಾ? ಎಷ್ಟಾದ್ರೂ ಆಗ್ಲಿ, ನಾನು ತಗೋತೀನಿ. ಹೀ ವಾಂಟೆಡ್ ಇಟ್."

"ಸೂತಕದ ಮನೇಲಿ ಹರಾಜು ಕೂಗ್ತೀರಾ?" ಲೀಲಮ್ಮ ಅಡುಗೆಮನೆಯಿಂದಲೇ ಕೂಗಿದಳು. "ಅಣ್ಣನ ಬೂದಿ ಇನ್ನೂ ಆರಿಲ್ಲ!"

ಭಾನುಮತಿ ಕುರ್ಚಿ ಎಳೆದುಕೊಂಡಳು. "ದೊಡ್ಡದು ಮಾಡು. ಇನ್ನೂ. ಎರಡನೇ ಸಾಲು ತೋರಿಸು."

ಪರದೆಯ ಮೇಲೆ ಹಳೆಯ ಕಾರ್ಡುಗಳು ಸಾಲಾಗಿ ನಿಂತವು. ಮೂಲೆಗಳು ಚೂಪಾಗಿ, ಹೊಸದರಂತೆ ಹೊಳೆಯುತ್ತಿದ್ದವು. ಅವಳು ಒಂದೊಂದನ್ನೂ ಮೇಲಿನಿಂದ ಕೆಳಗೆ ನೋಡುತ್ತ ಹೋದಳು. ಆಸ್ಪತ್ರೆಯ ಓಡಾಟದಲ್ಲಿ ಈ ಫೋಟೋವನ್ನು ಸರಿಯಾಗಿ ನೋಡಲು ಪುರಸೊತ್ತೇ ಆಗಿರಲಿಲ್ಲ. ಮಾರುವವನು ಬರೆದದ್ದನ್ನು ಗಂಡನಿಗೆ ಓದಿ ಹೇಳಿದ್ದಳು, ಅಷ್ಟೇ.

"ಬೇಡ," ಎಂದಳು.

"ವಾಟ್ ಡು ಯು ಮೀನ್ ಬೇಡ?"

"ಅಂಚು ಕತ್ತರಿಸಿದ್ದಾರೆ. ಸವೆದ ಮೂಲೆ ಚೂಪಾಗಿ ಕಾಣ್ಲಿ ಅಂತ. ನೋಡು, ಈ ಐದೂ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಗಿಡ್ಡ. ಬಿಳೀ ಪಟ್ಟಿ ಒಂದು ಕಡೆ ಅಗಲ, ಒಂದು ಕಡೆ ಸಣ್ಣ. ಹಳೇ ಕಾಗದಕ್ಕೆ ಇಷ್ಟು ಬೆಳ್ಳಗಿನ ಅಂಚು ಬರಲ್ಲ. ಹೊಸ ಬ್ಲೇಡು ಆಡಿದೆ."

"ಅಪ್ಪ ನೋಡಿಯೇ ಸೆಲೆಕ್ಟ್ ಮಾಡಿದ್ರಲ್ಲಮ್ಮ! ನಿಂಗಿಂತ ಅವರಿಗೆ—"

"ಅಪ್ಪನಿಗೆ ಕಾಣ್ತಿರಲಿಲ್ಲ ರೋಹಿತ್."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಅವಳು ಮೆಲ್ಲಗೆ, ಆದರೆ ತಡವರಿಸದೆ, ಎಲ್ಲ ಹೇಳಿದಳು. ಬೂದು ಕಲೆ, ಡಾಕ್ಟರು, ಅವನು ತೆಗೆದುಕೊಂಡ ಮಾತು. ರೋಹಿತ ಕೇಳುತ್ತ ಕೇಳುತ್ತ ಜೇಬಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಬಟ್ ದೀಪಾವಳೀಲಿ ವಿಡಿಯೋ ಕಾಲ್ ಮಾಡ್ದಾಗ, ಗಡ್ಡ ನಿಂಗೆ ಚೆನ್ನಾಗಿ ಒಪ್ಪತ್ತೆ ಅಂದ್ರು."

"ಗಡ್ಡ ಬಿಟ್ಟಿದ್ದಾನೆ, ಚೆನ್ನಾಗಿದೆ ಅಂತ ಕಿವೀಲಿ ನಾನು ಹೇಳಿದ್ದೆ."

ರೋಹಿತ ಎದ್ದು ಕಿಟಕಿಯ ಹತ್ತಿರ ಹೋದ. "ಯು ಶುಡ್ ಹ್ಯಾವ್ ಟೋಲ್ಡ್ ಮಿ," ಎಂದ. ದನಿಯಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು.

"ಹೇಳಬೇಕಿತ್ತೇನೋ. ಅವರು ಬೇಡ ಅಂದ್ರು, ನಾನು ಒಪ್ಪಿಕೊಂಡೆ. ಹೇಳಿದ್ರೆ ನೀನು ಅವರನ್ನ ಪೇಶಂಟ್ ಥರ ನೋಡ್ತಿದ್ದೆ. ಕಾರ್ಡಿನವರ ಜೊತೆ ಮಾತಾಡೋವಾಗ ಅವರು ಹೇಗಿರ್ತಿದ್ರು, ನೀನೇ ನೋಡಿದ್ದೀಯಲ್ಲ. ಅದು ಅವರಿಗೆ ಕಡೇವರೆಗೂ ಉಳೀಬೇಕಿತ್ತು. ಉಳೀತು."

ಅವನು ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ಬಂದು ಅಮ್ಮನ ಪಕ್ಕದಲ್ಲಿ ಕೂತ.

ಭಾನುಮತಿ ಮುರಿಗೆಪ್ಪನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. "ಆ ಲಾಟಿಗೆ ಕೈ ಹಾಕಬೇಡಿ. ಐದು ಕಾರ್ಡಿನ ಅಂಚು ಕತ್ತರಿಸಿದ್ದಾರೆ."

"ಯಾರು ಅಂದ್ರು?"

"ನಾನು ಅಂದೆ. ಎರಡನೇ ಸಾಲು ದೊಡ್ಡದು ಮಾಡಿ, ಅಗಲ ಎತ್ತರ ಹೋಲಿಸಿ ನೋಡಿ."

ಆ ಕಡೆ ಮೌಸಿನ ಟಿಕ್ ಟಿಕ್ ಕೇಳಿಸಿತು. "ಅಯ್ಯ ಇವನೌನ," ಎಂದ ಮುರಿಗೆಪ್ಪ. "ವೈನಿ, ಅಂದ್ರ ನಾ ಇಷ್ಟ್ ವರ್ಷ ಸೋತದ್ದು ನಿಮ್ಮ ಕೈಯಾಗೇನು?"

"ಕಡೇ ವರ್ಷಗಳದ್ದು ನನ್ನದು. ಮೊದಲಿನದೆಲ್ಲ ಅವರದ್ದೇ."

"ಮುಂದಿಂದು?"

"ಮುಂದಿಂದೂ ನನ್ನದೇ."

ಫೋನಿನಲ್ಲಿ ಮುರಿಗೆಪ್ಪನ ನಗೆ ಒಡೆದು, ಅರ್ಧದಲ್ಲಿ ಬಿಕ್ಕಾಯಿತು. ರೋಹಿತ ಹರಾಜಿನವರಿಗೆ ದೂರು ಬರೆದು ಕಳಿಸಿದ. ಸ್ವಲ್ಪ ಹೊತ್ತಿಗೆ ಆ ಲಾಟು ಪರದೆಯಿಂದ ಮಾಯವಾಯಿತು.

ಭಾನುಮತಿ ಪುಟವನ್ನು ಕೆಳಗೆ ಸರಿಸುತ್ತ ಹೋದಳು. ಒಂದು ಕಡೆ ನಿಂತಳು. ಯಾರೂ ಬೆಲೆ ಕೂಗದ ಲಾಟು. ಹಳೆಯ ಬಿಸ್ಕತ್ತಿನ ಡಬ್ಬಿಯ ತುಂಬ ಕಾರ್ಡುಗಳನ್ನು ಅಡ್ಡಾದಿಡ್ಡಿ ಸುರಿದಿದ್ದರು. ಮೂಲೆಗಳೆಲ್ಲ ಸವೆದು ಉರುಟಾಗಿದ್ದವು. ಮೇಲೆ ಬಿದ್ದಿದ್ದ ಒಂದೇ ಕಾರ್ಡಿನ ಮೇಲೆ ನಾಲ್ಕು ಚೌಕ, ನಾಲ್ಕು ಚೌಕದಲ್ಲಿ ಆ ವರ್ಷ ದೊಡ್ಡ ತಂಡಗಳಿಗೆ ಕಾಲಿಟ್ಟ ನಾಲ್ಕು ಹೊಸ ಹುಡುಗರು.

"ಇದಾ? ಇಟ್ ಲುಕ್ಸ್ ಟೆರಿಬಲ್," ಎಂದ ರೋಹಿತ.

"ಸವೆದಿದೆ. ಆದ್ರೆ ಯಾರೂ ಕತ್ತರಿ ಮುಟ್ಟಿಸಿಲ್ಲ."

ಸಾರಿನ ಸೌಟು ಹಿಡಿದುಕೊಂಡೇ ಲೀಲಮ್ಮ ಹೊರಗೆ ಬಂದು ಇಬ್ಬರ ಹಿಂದೆ ನಿಂತಳು. ಬಯ್ಯಲೆಂದೇ ಬಂದಿದ್ದಳು. ಬಾಗಿ ನೋಡಿದಳು. ಇನ್ನಷ್ಟು ಬಾಗಿದಳು. ಸೌಟಿನಿಂದ ಒಂದು ಹನಿ ಸಾರು ಮೇಜಿನ ಮೇಲೆ ಬಿತ್ತು.

"ಈ ಮೂಲೇಲಿರೋನ ಕಿವಿ ನೋಡೇ ಭಾನು," ಎಂದಳು, ಸೌಟಿನ ತುದಿಯಿಂದಲೇ ಪರದೆಯ ಕಡೆ ತೋರಿಸುತ್ತ. "ಟೋಪಿ ನಿಂತಿರೋದೇ ಅವುಗಳ ಮೇಲೆ. ಯಾರಮ್ಮ ಇವನು?"

"ಗೊತ್ತಿಲ್ಲ. ಡಬ್ಬಿ ಬರ್ಲಿ, ಹಿಂದೆ ಬರೆದಿರ್ತಾರೆ," ಎಂದು ಭಾನುಮತಿ ಬೆಲೆ ಕೂಗುವ ಗುಂಡಿ ಒತ್ತಿದಳು.

ಲೀಲಮ್ಮ ಸೌಟನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಿಂದ ಒಂದು ಕುರ್ಚಿ ಎಳೆದಳು.